ಕಾಲರ್ ಅಕ್ಕನ ಇಡೀ ಶರ್ಟು

ಕಾಲರ್ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಒಂದು ಪಕ್ಕಕ್ಕೆ ಸವೆದುಹೋಗಿತ್ತು. ಹೊಲಿದ ಕಾಲರನ್ನು ಮಗುಚಿ, ಮೂಲೆಯನ್ನು ಉಗುರಿನಿಂದ ಒತ್ತಿ ಚೂಪು ಮಾಡಿ ಮಾಡಿ ಆದದ್ದು ಅದು. ಅರೆಕೆರೆಯ ಹತ್ತಿರದ ನಮ್ಮ ಗಾರ್ಮೆಂಟ್ಸ್‌ನಲ್ಲಿ ಅವರದು ಕಾಲರ್, ನನ್ನದು ತೋಳು, ಪಕ್ಕದವಳದು ಜೇಬು. ಪೂರ್ತಿ ಶರ್ಟು ಹೊಲಿದವರು ನಮ್ಮ ಸಾಲಿನಲ್ಲಿ ಯಾರೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ತೋಳು, ಮತ್ತೆ ತೋಳು. ಕನಸಿನಲ್ಲೂ ಅದೇ ಬರುತ್ತಿತ್ತು, ನನ್ನ ಕರ್ಮ!

ಬಸ್ಸಿನಲ್ಲಿ ಅಕ್ಕ ಜನರ ಮುಖ ನೋಡುತ್ತಿರಲಿಲ್ಲ, ಕತ್ತು ನೋಡುತ್ತಿದ್ದರು. "ನೋಡೇ, ಆ ಕಂಡಕ್ಟರ್ ಕಾಲರ್ ಎಡಗಡೆ ಎಳೀತಿದೆ. ಯಾವಳೋ ಊಟದ ಬೆಲ್ ಹೊತ್ತಲ್ಲಿ ಹೊಲ್ದಿರ್ಬೇಕು," ಎನ್ನುತ್ತಿದ್ದರು.

ಫ್ಯಾಕ್ಟರಿ ಬೇರೆ ಊರಿಗೆ ಹೋಗುತ್ತದೆಂದು ಗೊತ್ತಾದಾಗ ಅಕ್ಕನಿಗೆ ದಿಗಿಲಾಯಿತು. ಗಂಡ ಹಾಸಿಗೆ ಹಿಡಿದಿದ್ದ, ಬೆಂಗಳೂರು ಬಿಡುವ ಹಾಗಿರಲಿಲ್ಲ. ರಜೆಯ ದಿನ ಜೆ.ಪಿ. ನಗರದ ಟೈಲರ್ ಅಂಗಡಿಯೊಂದಕ್ಕೆ ಕೆಲಸ ಕೇಳಲು ಹೋದರು. ಮಾಲೀಕ ಕತ್ತರಿಸಿದ ಬಟ್ಟೆ ಕೊಟ್ಟು, ಶರ್ಟು ಹೊಲಿದು ತೋರಿಸಿ ಎಂದನಂತೆ. ಅಕ್ಕ ಕಾಲರ್ ಮುಗಿಸಿದವರೇ ಅದನ್ನು ಎಡಗಡೆಗೆ ಚಾಚಿದರಂತೆ, ಫ್ಯಾಕ್ಟರಿಯ ರೂಢಿಯಂತೆ ಸಾಲಿನ ಮುಂದಿನವಳು ತೆಗೆದುಕೊಳ್ಳಲಿ ಎಂದು. ಅಲ್ಲಿದ್ದದ್ದು ಗೋಡೆ.

"ಅವ್ನು ನಕ್ಬಿಟ್ಟ ಕಣೇ. ನಂಗೂ ನಗು ಬಂತು. ಆಚೆ ಬಂದ್ಮೇಲೆ ಅಳು," ಎಂದರು ಮಾರನೆಯ ದಿನ. ಆಮೇಲೆ, "ನಿನ್ ತೋಳು ನಂಗೆ ಹೇಳ್ಕೊಡು. ನನ್ ಕಾಲರ್ ನೀನು ಕಲ್ತ್ಕೋ," ಎಂದರು.

ಊಟದ ಬಿಡುವಿನಲ್ಲಿ ಸೂಪರ್‌ವೈಸರ್ ಮೆಷಿನ್ ಮುಟ್ಟಲು ಬಿಡುತ್ತಿರಲಿಲ್ಲ. ಚಿಂದಿ ಬಟ್ಟೆಯ ಮೇಲೆ ಕೈಸೂಜಿಯಲ್ಲೇ ಕಲಿತೆವು. ಜೇಬಿನವಳೂ ಜೊತೆಗೂಡಿದಳು. ಸೊಂಟ ಬಿದ್ದುಹೋಗಿ, ಸಾಕಪ್ಪಾ ಸಾಕು ಎನಿಸುತ್ತಿತ್ತು ನನಗೆ. ಅಕ್ಕ ಬಿಟ್ಟರೆ ತಾನೇ! "ಏಳೇ ಸೋಮಾರಿ, ಮೂಲೆ ನೋಡು, ಇಲಿ ಕಚ್ಚಿದ್ ಹಾಗಿದೆ," ಎಂದು ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು.

ಫ್ಯಾಕ್ಟರಿ ಮುಚ್ಚುವ ಹೊತ್ತಿಗೆ, ಪಕ್ಕದ ಮನೆಯವರ ಮೆಷಿನ್ನಿನಲ್ಲಿ ಅಕ್ಕ ಇಡೀ ಒಂದು ಶರ್ಟು ಹೊಲಿದು ಅದೇ ಮಾಲೀಕನ ಮುಂದಿಟ್ಟರು. ಅವನು ತಿರುವಿ ಮುರುವಿ ನೋಡಿ ಕೆಲಸ ಕೊಟ್ಟ. "ಕಾಲರ್ ಸಖತ್ತಾಗಿದೆ ಅಕ್ಕ. ನೀವು ಬರೀ ಕಾಲರ್ ನೋಡ್ಕೊಳ್ಳಿ. ಮಿಕ್ಕಿದ್ದಕ್ಕೆ ಬೇರೆಯವ್ರಿದ್ದಾರೆ," ಎಂದನಂತೆ.

ಸಾಯುವವರೆಗೂ ಅಕ್ಕ ಅಲ್ಲಿ ಕಾಲರನ್ನೇ ಹೊಲಿದರು. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಕ್ಕ ಮಾತ್ರ, "ಕೆಲ್ಸ ಸಿಕ್ತಲ್ಲ, ಬಿಡು. ಸುಸ್ತಾಯ್ತು ಕಣೇ," ಎಂದಿದ್ದರು.

ಕುಮಾರಸ್ವಾಮಿ ಲೇಔಟಿನ ನನ್ನ ಮನೆಯಲ್ಲೇ ಈಗ ಮೆಷಿನ್ ಇದೆ. ಶರ್ಟನ್ನು ಮೊದಲಿನಿಂದ ಕೊನೆಯವರೆಗೆ ನಾನೊಬ್ಬಳೇ ಹೊಲಿದು ಬದುಕುತ್ತಿದ್ದೇನೆ. ಹಾಗೆ ಬದುಕಬೇಕೆಂದು ಹಟ ಹಿಡಿದವರು ಅಕ್ಕ. ದಕ್ಕಿದ್ದು ನನಗೆ.