ಯಾರೂ ಕೊಡದ ಮಾತು

ಶಿವಲೀಲಾ, ನಿನ್ನ ಗಂಡನ ಮನೆಯವರು ನನಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಬೇರೆ ಮನೆ ಮಾಡಿಕೊಡುತ್ತಾರೆ ಎಂದು ನಿನಗೂ ನಿನ್ನ ಅಪ್ಪನಿಗೂ ಹೇಳಿದ್ದು ನಾನೇ ಕಟ್ಟಿದ ಸುಳ್ಳು. ಇಷ್ಟು ವರ್ಷ ಅದನ್ನು ಅವರ ತಲೆಗೆ ಕಟ್ಟಿ ಸುಮ್ಮನಿದ್ದೆ.

ರಾಯಚೂರಿನ ಕಾಲೇಜಿನಲ್ಲಿ ನಿನಗೆ ಇತಿಹಾಸ ಕಲಿಸಿದವನು ನಾನು. ಹದಿನೆಂಟನೇ ಶತಮಾನದ ಆ ಬ್ರಿಟಿಷ್ ರಾಯಭಾರಿಯ ಪಾಠ ನಿನಗೆ ನೆನಪಿರಬೇಕು. ಜಗಳಕ್ಕೆ ನಿಂತ ಎರಡು ದರ್ಬಾರುಗಳ ನಡುವೆ ಓಡಾಡಿ, ಇಲ್ಲೊಂದು ಅಲ್ಲೊಂದು ಹೇಳಿ, ಇಬ್ಬರಿಗೂ ತಾವೇ ಗೆದ್ದೆವು ಅನ್ನಿಸಿ ಸಂಧಿ ಮಾಡಿಸಿದವನು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆ ಹೆಸರಿನ ಬಲದಿಂದಲೇ ತನ್ನ ದೇಶಕ್ಕೆ ಮರಳಿ ಪಾರ್ಲಿಮೆಂಟು ಸೇರಿದ. ಸಂಧಿ ಮುರಿದು ಇಲ್ಲಿ ಹೆಣ ಬೀಳುವ ಹೊತ್ತಿಗೆ ಅವನು ಲಂಡನ್ನಿನಲ್ಲಿ ಆರಾಮಾಗಿದ್ದ. ಇದನ್ನು ಹೇಳುವಾಗ ನಾನು ನಗುತ್ತಿದ್ದೆ, ನೀವೂ ನಗುತ್ತಿದ್ದಿರಿ. ಖದೀಮ ಎಂದು ಬೈಯುತ್ತಲೇ ಒಳಗೊಳಗೆ ಅವನನ್ನು ಮೆಚ್ಚಿದ್ದೆ.

ನೀನು ಗಂಡನ ಮನೆ ಬಿಟ್ಟು ದೇವದುರ್ಗದ ತವರಿಗೆ ಬಂದಾಗ ನಿನ್ನ ಅಪ್ಪ ನನ್ನನ್ನೇ ಹುಡುಕಿಕೊಂಡು ಬಂದರು. ಮೈದುನ ಕೈಮಾಡುತ್ತಾನೆ, ಬೇರೆ ಮನೆ ಮಾಡಿದರೆ ಮಾತ್ರ ಹೋಗುತ್ತೇನೆ — ನೀನು ಕೇಳಿದ್ದು ಇಷ್ಟೇ. ನಾನು ನಿನ್ನ ಗಂಡನ ಊರು ಮಾನ್ವಿಗೆ ಹೋದೆ. ರೈಸ್ ಮಿಲ್ಲಿನ ಹಿಂದಿನ ಆ ದೊಡ್ಡ ಮನೆಯಲ್ಲಿ ನಿನ್ನ ಮಾವ ಎದುರಿಗೆ ಕೂತಿದ್ದರು. ಬೇರೆ ಮನೆ ಎಂದರೆ ಅಲ್ಲಿಗೇ ಮಾತು ಮುರಿಯುತ್ತದೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಹಾಗಾಗಿ ಆ ಸುದ್ದಿಯನ್ನೇ ಎತ್ತಲಿಲ್ಲ. "ಹೊಂದಿಕೊಂಡು ಇರ್ತೀನಿ ಅಂತಾಳ್ರೀ ನಿಮ್ಮ ಸೊಸಿ" ಎಂದೆ.

ದೇವದುರ್ಗಕ್ಕೆ ಬಂದು ಇನ್ನೊಂದು ಹೇಳಿದೆ. ನಿನ್ನ ಅವ್ವ ಆಗಲೇ ಉಡಿ ತುಂಬಲು ಅಕ್ಕಿ, ಕೊಬ್ಬರಿ ತೆಗೆಯುತ್ತಿದ್ದರು. ನೀನೊಬ್ಬಳೇ ಬಾಗಿಲಲ್ಲಿ ನಿಂತು ಕೇಳಿದೆ —

"ಬ್ಯಾರೆ ಮನಿ ಮಾಡ್ತೀವಿ ಅಂತ ಅವ್ರು ತಮ್ಮ ಬಾಯಿಲೆ ಅಂದಾರೇನ್ರೀ ಸರ್?"

"ಅಂದಾರವ್ವಾ. ನನ್ನ ಮುಂದನ ಅಂದಾರ."

"ನೀವು ಹೇಳೀರಂದ್ರ ಹೋಗ್ತೀನ್ರೀ."

ಒಮ್ಮೆ ಕೂಡಿಸಿದರೆ ಮುಂದಿನದು ತಾನೇ ಸರಿಹೋಗುತ್ತದೆಂದು ನಾನು — ಇಲ್ಲ, ಅದೂ ಸುಳ್ಳು. ಮುಂದಿನದನ್ನು ನಾನು ಯೋಚಿಸಲೇ ಇಲ್ಲ. ಮೇಷ್ಟ್ರು ರಾಜಿ ಮಾಡಿಸಿದರು ಎಂದು ನಾಲ್ಕು ಮಂದಿ ಹೇಳಬೇಕಿತ್ತು. ಹೇಳಿದರು. ಸಂಸಾರದ ಜಗಳಗಳಿಗೆಲ್ಲ ನನ್ನನ್ನೇ ಕರೆಯತೊಡಗಿದರು, ಆ ಹೆಸರಿನ ಮೇಲೆ ನಗರಸಭೆಗೂ ಗೆದ್ದೆ. ಕೊರಳಿಗೆ ಹಾರ ಬಿದ್ದ ದಿನ ನಿನ್ನ ನೆನಪು ಬಂದಿರಬಹುದೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಬಂದಿರಲಿಲ್ಲ.

ಕಳೆದ ತಿಂಗಳು ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದೆ. ಹೆಂಗಿದ್ದೀಯವ್ವಾ ಎಂದದ್ದು ನಿನಗೆ ಕೇಳಿಸಲಿಲ್ಲ. "ಈ ಕಡೀಗೆ ಬರ್ರಿ ಸರ್, ಆ ಕಿವಿ ಕೇಳಂಗಿಲ್ಲ" ಎಂದೆ ನೀನು. ಬೇರೆ ಮನೆ ಯಾವಾಗ ಎಂದು ನೀನು ಕೇಳಿದ್ದಕ್ಕೆ, ಯಾವ ಬೇರೆ ಮನೆ ಎಂದು ಮೈದುನ ಆ ಕಿವಿಯ ಮೇಲೇ ಹೊಡೆದನಂತೆ. ಅದು ನೀನೇ ಹುಟ್ಟಿಸಿದ ಸುಳ್ಳೆಂದು ಆ ಮನೆಯಲ್ಲಿ ಇಂದಿಗೂ ಅನ್ನುತ್ತಾರಂತೆ. ಇಷ್ಟು ಹೇಳಿ ನೀನು ನನ್ನನ್ನೇ ಸಮಾಧಾನ ಮಾಡಿದೆ —

"ನಿಮಗೂ ಮೋಸ ಮಾಡಿದ್ರಲ್ರೀ ಸರ್ ಅವ್ರು."

ನಾನು ಹೂಂ ಎಂದೆ. ಶಿವಲೀಲಾ, ಆಗಲೂ ಹೂಂ ಎಂದೆ. ರಾಯಚೂರಿನ ಬಸ್ಸು ಬಂತು, ಹತ್ತಿಬಿಟ್ಟೆ.

ಹೊಡೆದದ್ದು ಅವರ ಪಾಪ. ಮೋಸ ಮಾತ್ರ ನನ್ನದು. ನಿನ್ನ ಅಪ್ಪನ ಮುಂದೆಯೂ ನಿನ್ನ ಮಾವನ ಮುಂದೆಯೂ ಇದನ್ನು ಹೇಳುತ್ತೇನೆ, ಎರಡೂ ಕಡೆ ಒಂದೇ ಮಾತು. ಅದಕ್ಕೂ ಮೊದಲು ಮಾನ್ವಿಗೆ ಬಂದು ನಿನಗೇ ಹೇಳುತ್ತೇನೆ, ಕೇಳಿಸುವ ಕಿವಿಯ ಕಡೆ ನಿಂತು. ಆಮೇಲೆ ನೀನು ಏನೇ ಅಂದರೂ ಕೇಳಿಸಿಕೊಳ್ಳುತ್ತೇನೆ. ಬಸ್ಸು ಹತ್ತುವುದಿಲ್ಲ.