ಬಾವಿಗೆ ಹಾರಿದಳೆಂದು ನಾನು ಬರೆದೆ

ಕಳೆದ ವಾರ ಮಗಳು ಹೊಸ ಮಣ್ಣಿನ ಹೂಜಿಗೆ ಮೊದಲ ಸಲ ನೀರು ತುಂಬಿದಳು. ಒಣಮಣ್ಣು ನೀರು ಕುಡಿಯುವ ಆ ವಾಸನೆ ಮೂಗಿಗೆ ಬಂದದ್ದೇ ತಡ, ಅಹಮದಾಬಾದಿನ ನವರಂಗಪುರದಲ್ಲಿದ್ದ ನಮ್ಮ ಕಚೇರಿ, ಅದರ ಮೂಲೆಯ ಮಡಕೆಗಳು, ಅವಕ್ಕೆ ದಿನವೂ ನೀರು ತುಂಬುತ್ತಿದ್ದ ಬಾ...

ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಧಾರವಾಡದಿಂದ ಹೊಸದಾಗಿ ಹೋದ ನನಗೆ ಅದು ಗೊತ್ತಿರಲಿಲ್ಲ. ಯಾರೋ "ಬಾ" ಎಂದು ಕೂಗಿದಾಗ ನಾನೇ ಎದ್ದು ಹೋಗಿದ್ದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕವರು, ಕಚೇರಿಯವರೆಲ್ಲ ಬಾ ಎನ್ನುತ್ತಿದ್ದ ಆಕೆ. ಅಂದಿನಿಂದ ನನ್ನನ್ನು "ದೀಕರಾ", ಮಗನೇ, ಎಂದೇ ಕರೆದರು.

ಅರವತ್ತರ ದಶಕದ ನಡುವಿನ ಮಾತು. ಗುಜರಾತ್ ರಾಜ್ಯ ಹೊಸದು, ಹುರುಪೂ ಹೊಸದು. ಹಳೆಯ ಕೋಟೆ, ಗೋರಿ, ಬಾವಿಗಳಿಗೆ ಪ್ರವಾಸಿಗರನ್ನು ಬಸ್ಸಿನಲ್ಲಿ ಕರೆದೊಯ್ಯುವುದು ನಮ್ಮ ಕಚೇರಿಯ ಕೆಲಸ. ಇಂಗ್ಲಿಷ್ ಬರುತ್ತದೆಂದು ಕರಪತ್ರ ಬರೆಯುವುದು ನನ್ನ ಪಾಲಿಗೆ ಬಂದಿತ್ತು. "ಬರೀ ಕಲ್ಲು ನೋಡೋಕೆ ಯಾರು ಬರ್ತಾರೆ? ಜಾಗಕ್ಕೊಂದು ಕಥೆ ಹುಡುಕಿ," ಎನ್ನುತ್ತಿದ್ದರು ಸಾಹೇಬರು.

ಬಾ ಅವರ ಊರಿನಲ್ಲಿ ಒಂದು ಮೆಟ್ಟಿಲುಬಾವಿ ಇತ್ತು. ಅದರ ಕಥೆ ಹೇಳಿ ಎಂದು ನಾನೇ ಕೇಳಿದೆ. ಒಬ್ಬ ಪಾಳೆಯಗಾರ ಅದನ್ನು ಅಗೆಸಿದನಂತೆ. ಏಳು ಅಂತಸ್ತು ಇಳಿದರೂ ನೀರಿಲ್ಲ. ಬಲಿ ಬೇಕೆಂದು ಯಾರೋ ಹೇಳಿದರು. ಅಗೆಯುವವನ ಮಗಳನ್ನು ಎಳೆತಂದರು. ಅಡ್ಡ ಬಂದ ಅಪ್ಪನನ್ನು ಕಂಬಕ್ಕೆ ಕಟ್ಟಿ ಹುಡುಗಿಯನ್ನು ತಳ್ಳಿದರು. ನೀರು ಬಂತು.

"ಅವಳು ನಮ್ಮ ಮನೆಯವಳು," ಎಂದರು ಬಾ, ಹೋದ ವರ್ಷ ತೀರಿಕೊಂಡವಳ ಸುದ್ದಿ ಹೇಳುವಂತೆ. ಪ್ರತಿ ವರ್ಷ ಚೈತ್ರದ ಒಂದು ದಿನ ಅವರ ಮನೆತನದ ಹೆಂಗಸರು ಬಾವಿಯ ಕೊನೆಯ ಮೆಟ್ಟಿಲವರೆಗೂ ಇಳಿದು ಅತ್ತು ಬರುತ್ತಿದ್ದರು.

ಸಾಹೇಬರಿಗೆ ಕಥೆ ಹಿಡಿಸಿತು, ಕೊಲೆ ಹಿಡಿಸಲಿಲ್ಲ. "ಪ್ರೇಮ ಇರಲಿ," ಎಂದರು. ಒಂದೇ ಮಧ್ಯಾಹ್ನದಲ್ಲಿ ಬರೆದುಬಿಟ್ಟೆ. ರಾಜಕುಮಾರನನ್ನು ಪ್ರೀತಿಸಿದ ಹುಡುಗಿ, ನೀರು ತರಿಸುತ್ತೇನೆಂದು ಅವನು ಊರಿಗೆ ಕೊಟ್ಟ ಮಾತು ಉಳಿಸಲು ನಗುನಗುತ್ತಾ ತಾನೇ ಬಾವಿಗೆ ಹಾರಿದಳು! ಗುಜರಾತಿಯಲ್ಲೂ ಅಚ್ಚಾಯಿತು. ಮನೆಗೆ ಒಯ್ದು ಹೆಂಡತಿಗೆ ಓದಿ ಹೇಳಿದೆ.

"ಆ ಹುಡುಗೀನ ಕೊಂದಿದ್ರು ಅಂದಿದ್ರಲ್ರೀ ನೀವು?" ಎಂದಳು.

"ಕೊಂದದ್ದನ್ನ ಓದಿ ಯಾರು ಬರ್ತಾರ?" ಎಂದೆ.

ಬಸ್ಸುಗಳು ತುಂಬಿ ಹೊರಟವು. ಬಾವಿಗೆ ಗೇಟು ಬಂತು, ಕಾವಲುಗಾರ ಬಂದ. ಚೈತ್ರದಲ್ಲಿ ಹೆಂಗಸರು ಹೋದಾಗ, ಎದೆ ಬಡಿದುಕೊಂಡು ಅತ್ತರೆ ಪ್ರವಾಸಿಗರು ಹೆದರುತ್ತಾರೆಂದು ಅವನು ಒಳಗೆ ಬಿಡಲಿಲ್ಲ. ಅದು ಸಾಹೇಬರದೇ ಅಪ್ಪಣೆ.

ಮರುದಿನ ಬಾ ನನ್ನ ಮೇಜಿನ ಬಳಿ ನಿಂತರು. "ದೀಕರಾ, ಸಾಹೇಬರಿಗೆ ನೀನು ಹೇಳು. ಒಂದು ಗಳಿಗೆ ಸಾಕು, ಅತ್ತು ಹೋಗ್ತೀವಿ."

ಸಾಹೇಬರು ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಏಳಲಿಲ್ಲ.

"ಆ ಕಾಗದದಲ್ಲಿ ಏನು ಬರೆದಿದ್ದೀಯ, ಓದು," ಎಂದರು ಬಾ. ಓದಿದೆ. ಪೂರ್ತಿ ಕೇಳಿಸಿಕೊಂಡರು. "ಅವಳು ಹಾರಲಿಲ್ಲ. ತಳ್ಳಿದರು," ಎಂದರು. ಅಷ್ಟೇ. ಅಂದು ಎಲ್ಲ ಮಡಕೆಗಳನ್ನೂ ತುಂಬಿಸಿಯೇ ಹೋದರು. ಮತ್ತೆ ಬರಲಿಲ್ಲ...

ಮೂರು ವರ್ಷಗಳ ನಂತರ, ಧಾರವಾಡಕ್ಕೆ ಮರಳುವ ಮುನ್ನ ಅವರ ಊರಿಗೆ ಹೋದೆ. ಕ್ಷಮೆ ಕೇಳಬೇಕೆಂದಿತ್ತು. ಬಾ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಹತ್ತು ವರ್ಷದ ಮೊಮ್ಮಗಳು ನನ್ನನ್ನು ಬಾವಿಯತ್ತ ಕರೆದೊಯ್ದಳು. ಪ್ರವಾಸಿಯೆಂದು ತಿಳಿದಳೇನೋ, ಕೇಳದೆಯೇ ಕಥೆ ಶುರುಮಾಡಿದಳು. ರಾಜಕುಮಾರ, ಪ್ರೇಮ, ನಗುನಗುತ್ತಾ ಹಾರಿದ ಹುಡುಗಿ... ನನ್ನ ವಾಕ್ಯಗಳೇ, ಒಂದು ಪದವೂ ತಪ್ಪದೆ.

"ನಿಮ್ಮಜ್ಜಿ ಬೇರೆ ಥರ ಹೇಳುತ್ತಿರಲಿಲ್ಲವೇ?" ಎಂದೆ.

"ಅವರಿಗೆ ಓದು ಬರುತ್ತಿರಲಿಲ್ಲ," ಎಂದಳು ಹುಡುಗಿ.

ನಿಜವನ್ನು ಅವಳಿಗೆ ಅಲ್ಲೇ ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದೆ.

ಈಗ ನನ್ನ ಹೆಂಡತಿಯೂ ಇಲ್ಲ, ಬಾವಿಗಿಳಿದು ಅಳುತ್ತಿದ್ದ ಆ ಹೆಂಗಸರೂ ಉಳಿದಿರಲಾರರು. ಬಾ ಹೇಳಿದ ಕಥೆ ಬಲ್ಲವನು ನಾನೊಬ್ಬನೇ ಇರಬೇಕು. ಬಾವಿಗೆ ಬಲಿಯಾದ ಆ ಹುಡುಗಿಯ ಹೆಸರನ್ನೂ ಬಾ ಹೇಳಿದ್ದರು. ಕರಪತ್ರಕ್ಕೆ ಅದು ಬೇಕಿರಲಿಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ. ಈಗ ಎಷ್ಟು ನೆನೆದರೂ ಬರುತ್ತಿಲ್ಲ.