ಕುಂಪಣಿ ಸೀಮೆಯ ಮಗಳು

ನಮ್ಮ ಕಡೆ ತಂದೆಯನ್ನು ಕರೆಯುವುದಕ್ಕೆ ಎರಡು ಮಾತುಗಳಿವೆ. ಕನ್ನಡದಲ್ಲಿ ಅಪ್ಪ, ತೆಲುಗಿನಲ್ಲಿ ನಾಯನ. ಎರಡು ಭಾಷೆ ಬೆರೆತ ಮನೆಗಳಲ್ಲಿ ಬೆಳಗ್ಗೆ ಅಪ್ಪನಾಗಿದ್ದವನು ಸಂಜೆಗೆ ನಾಯನ ಆಗುತ್ತಾನೆ, ಮನುಷ್ಯ ಅವನೇ. ನನಗೆ ಮಾತ್ರ ಇವರು ಬೇರೆ ಬೇರೆ. ನಾಯನ ನನ್ನನ್ನು ಹುಟ್ಟಿಸಿದವರು, ಅಪ್ಪ ನನ್ನನ್ನು ಸಾಕಿದವನು. ಹುಟ್ಟಿಸಿದವರಿಗೆ ಬಹುವಚನ, ಸಾಕಿದವನಿಗೆ ಏಕವಚನ ಯಾಕೆ ಎಂದು ಕೇಳಬೇಡಿ. ದೂರದವರಿಗೆ ಮರ್ಯಾದೆ ಜಾಸ್ತಿ ಕೊಡುವುದು ನಮ್ಮ ಜನದ ಹಳೆಯ ಚಾಳಿ.

ಅಮ್ಮ ಹುಟ್ಟಿದ್ದು ಮಾಲೂರು ಕಡೆಯ ಲಕ್ಕೂರಿನಲ್ಲಿ. ಅವಳನ್ನು ಕೊಟ್ಟದ್ದು ಮುಳಬಾಗಿಲಿನಿಂದ ಮೂಡಲಿಗೆ, ಗಡಿ ದಾಟಿದ ಮೇಲಿನ ಒಂದು ಹಳ್ಳಿಗೆ. ಗಡಿ ಎಂದರೆ ಬೇಲಿಯಿಲ್ಲ, ಕಾವಲಿಲ್ಲ. ಹುಣಸೆ ತೋಪಿನ ಪಕ್ಕ ಒಂದು ಕಲ್ಲು, ಅಷ್ಟೇ. ಕಲ್ಲಿನಿಂದ ಈಚೆಗೆ ಮೈಸೂರು ಮಹಾರಾಜರ ಸೀಮೆ, ಆಚೆಗೆ ಬ್ರಿಟಿಷರದು. ಕಂಪನಿಯ ಆಳ್ವಿಕೆ ಮುಗಿದು ಎಷ್ಟೋ ಕಾಲವಾಗಿದ್ದರೂ ನಮ್ಮ ಮುದುಕರ ಬಾಯಲ್ಲಿ ಅದು ಕುಂಪಣಿ ಸೀಮೆಯೇ. ಆ ಕಡೆಯ ದನ ಈ ಕಡೆ ಮೇಯುತ್ತಿತ್ತು, ಈ ಕಡೆಯ ಹೆಣ್ಣು ಆ ಕಡೆಗೆ ಹೋಗುತ್ತಿತ್ತು. ನೀನು ಯಾವ ದೊರೆಯ ಪ್ರಜೆ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ.

ನಾಯನ ಕುಡುಕರಲ್ಲ, ಹೊಡೆಯುವವರೂ ಅಲ್ಲ. ಆದರೆ ಅವರ ತಾಯಿ ಒಂದು ಹೇಳಿದರೆ ಅಮ್ಮ ಎರಡು ಹೇಳುವಳು, ನಾಯನ ಇಬ್ಬರ ಮಧ್ಯೆ ಬಾಯಿ ಮುಚ್ಚಿಕೊಂಡು ಕೂರುವರು. ಅಮ್ಮನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅತ್ತೆ ಬೈದದ್ದಕ್ಕಿಂತ ಗಂಡ ಸುಮ್ಮನಿದ್ದದ್ದು ಅವಳನ್ನು ಹೆಚ್ಚು ಉರಿಸಿತು. ನನಗೆ ಎರಡು ವರ್ಷವಿದ್ದಾಗ ಕುಲದ ಹಿರಿಯರು ಸೇರಿದರು. ಮೂರು ಸಲ ಬುದ್ಧಿ ಹೇಳಿದರೂ ಕೇಳದಿದ್ದಾಗ ಒಂದು ಒಣಕಡ್ಡಿಯ ಎರಡು ತುದಿಗಳನ್ನು ಗಂಡಹೆಂಡಿರ ಕೈಗೆ ಕೊಟ್ಟು ಮುರಿಸಿದರು. ಲಟಕ್ಕನೆ ಮುರಿದರೆ ಋಣ ಹರಿಯಿತು. ನಮ್ಮ ಜನದಲ್ಲಿ ಬಿಡುಗಡೆ ಎಂದರೆ ಇಷ್ಟೇ. ಕಾಗದವಿಲ್ಲ, ರುಜುವಿಲ್ಲ. ಅವರವರ ಪಾಲಿನ ತುಂಡು ಅವರವರಿಗೆ. ಅಮ್ಮ ತನ್ನ ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಕಂಕುಳಿಗೆ ಏರಿಸಿಕೊಂಡು ಕಲ್ಲು ದಾಟಿ ಬಂದಳಂತೆ.

ವರ್ಷ ಕಳೆದ ಮೇಲೆ ಅಪ್ಪ ಅವಳನ್ನು ಉಡಿಕೆ ಮಾಡಿಕೊಂಡ. ಉಡಿಕೆ ಎಂದರೆ ಧಾರೆ, ಓಲಗ ಒಂದೂ ಇಲ್ಲದ ಎರಡನೆಯ ಮದುವೆ. ನಾಲ್ಕು ಜನರ ಮುಂದೆ ಸೀರೆ ಕೊಟ್ಟು ಕರೆದುಕೊಂಡು ಹೋಗುವುದು. ಅಪ್ಪನ ಊರು ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ. ಸ್ವಲ್ಪ ರಾಗಿ, ಸ್ವಲ್ಪ ಹಿಪ್ಪುನೇರಳೆ. ಅವನಿಗೆ ಬೇರೆ ಮಕ್ಕಳಾಗಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡೇ ಸೊಪ್ಪು ಕೊಯ್ಯುತ್ತಿದ್ದನೆಂದು ಊರಿನವರು ನಗುತ್ತಿದ್ದರು.

ನನ್ನನ್ನು ಶಾಲೆಗೆ ಸೇರಿಸಿದ ದಿನ ಮೇಷ್ಟರು ತಂದೆಯ ಹೆಸರು ಕೇಳಿದರು. ಅಪ್ಪ ಸ್ವಲ್ಪವೂ ಯೋಚಿಸದೆ ನಾಯನ ಅವರ ಹೆಸರು, ಊರು, ಎರಡನ್ನೂ ಹೇಳಿದ. ಮೇಷ್ಟರು ತಲೆಯೆತ್ತಿ ನೋಡಿದಾಗ, “ಹುಟ್ಟಿಸಿದೋನ ಹೆಸ್ರು ಕದೀಬಾರ್ದು ಸಾಮಿ,” ಎಂದ. ಜಂಬದಿಂದಲೇ ಹೇಳಿದ. ಆ ಒಂದು ಸತ್ಯವಾಕ್ಯಕ್ಕೆ ನಾವೆಲ್ಲ ಎಷ್ಟು ತೆತ್ತೆವೆಂದು ನೆನೆಸಿಕೊಂಡರೆ ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತದೆ. ಅದರ ಬೆನ್ನಿಗೇ ಅಳುವೂ ಬರುತ್ತದೆ.

ಯುದ್ಧದ ಕಾಲದಲ್ಲಿ, ಸೀಮೆಎಣ್ಣೆಗೆ ಪರದಾಡುತ್ತಿದ್ದ ವರ್ಷ, ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದೆ. ನನಗೆ ಹದಿನೈದು ತುಂಬಿತ್ತು. ಕೋಲಾರದಲ್ಲಿ ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರ ಟ್ರೈನಿಂಗ್ ಕೊಡುವ ಶಾಲೆಯಲ್ಲಿ ನನಗೆ ಸೀಟು ಸಿಕ್ಕಿತು. ಊಟ, ವಸತಿ ಅವರದೇ. ಮೈಸೂರು ಸೀಮೆಯವಳೆಂದು ತಾಲ್ಲೂಕು ಕಚೇರಿಯಿಂದ ಒಂದು ಸರ್ಟಿಫಿಕೇಟು ಮಾತ್ರ ಬೇಕಿತ್ತು. ಅಮ್ಮ ಆ ಸೀಟಿಗಾಗಿ ಹರಕೆ ಹೊತ್ತಿದ್ದಳು. “ಎರಡು ಮನೆ ಕಂಡೋಳು ನಾನು. ಒಂದೂ ನನ್ದಲ್ಲ. ನಿನ್ಗಾದ್ರೂ ಯಾವನ ಹಿಂದೇನೂ ಹೋಗ್ದೆ ನಿಂದೇ ಅನ್ನೋ ಒಂದು ಊರಿರ್ಲಿ ಕಣೇ,” ಎನ್ನುತ್ತಿದ್ದಳು.

ಕಚೇರಿಯ ಗುಮಾಸ್ತರು ಶಾಲೆಯ ಕಾಗದ ನೋಡಿದರು. “ಏನಯ್ಯ, ಹುಡುಗಿ ತಂದೆ ಆ ಸೀಮೆಯೋನು ಅಂತಿದೆ. ತಾಯಿ ನಿನ್ನ ಹತ್ರ ಹೆಂಗೆ ಬಂದ್ಳು? ಬಿಡುಗಡೆ ಆಗಿರೋದಕ್ಕೆ ರುಜುವಾತು ಎಲ್ಲಿ?” ಎಂದರು.

ಮಾರನೆಯ ವಾರ ಅಪ್ಪ ರುಜುವಾತು ತೆಗೆದುಕೊಂಡು ಹೋದ. ಟವೆಲಿನ ಗಂಟು ಬಿಚ್ಚಿ ಅಮ್ಮನ ಪಾಲಿನ ಕಡ್ಡಿತುಂಡನ್ನು ಮೇಜಿನ ಮೇಲೆ ಇಟ್ಟ. ಗುಮಾಸ್ತರು ಅದನ್ನು ಎತ್ತಿ ಹಿಡಿದು, “ಹಲ್ಲುಕಡ್ಡಿ ತಂದಿದ್ದೀಯಲ್ಲಯ್ಯ!” ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ಅಪ್ಪ ಮಾತ್ರ ಗಂಭೀರವಾಗಿ, “ಮುರ್ದಿರೋ ಜಾಗ ನೋಡಿ ಸಾಮಿ, ಇನ್ನೊಂದು ತುಂಡು ಅವ್ರ ಹತ್ರ ಅದೆ, ತಂದು ಜೋಡ್ಸಿ ನೋಡ್ಬೋದು,” ಎಂದ. ನಗು ಇನ್ನೂ ಜೋರಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಕೊನೆಗೆ ಕಡ್ಡಿ ಮುರಿಸಿದ ದಿನ ಪಂಚಾಯಿತಿಯಲ್ಲಿದ್ದ ಮೂವರು ಹಿರಿಯರು ಬಂದು ಹೆಬ್ಬೆಟ್ಟು ಒತ್ತಿದರು. ಬಿಡುಗಡೆ ನಿಜ, ಉಡಿಕೆ ನಿಜ ಎಂದು ಬರೆದುಕೊಂಡರು. ಮುಗಿಯಿತು ಎಂದುಕೊಂಡೆವು. ಆಗ ಗುಮಾಸ್ತರು ಅಪ್ಪನನ್ನು ಹತ್ತಿರ ಕರೆದು ತಿಳಿಸಿ ಹೇಳಿದರು.

“ನೋಡಯ್ಯ, ಹೆಂಡ್ತಿಗೆ ಗಂಡನ ಊರೇ ಊರು. ಆಯಮ್ಮ ನಿನ್ನ ಹಿಂದೆ ಬಂದ್ಳು, ಮೈಸೂರಿನೋಳಾದ್ಳು. ಮಗು ಹಂಗಲ್ಲ. ತಂದೆ ಬದುಕಿರೋವರ್ಗೂ ತಂದೆ ಊರೇ ಮಗು ಊರು. ತಾಯಿ ಎಲ್ಲಿಗೆ ಹೋದ್ರೂ ಅದು ಬದ್ಲಾಗಲ್ಲ.”

“ಹದಿಮೂರು ವರ್ಷದಿಂದ ಇಲ್ಲೇ ಉಣ್ತಾವ್ಳೆ ಸಾಮಿ.”

“ಉಂಡ್ರೆ ಆಗಲ್ಲ. ಮೇಜರಾದ್ಮೇಲೆ ಅವಳೇ ಬಂದು ಅರ್ಜಿ ಹಾಕ್ಲಿ, ಕೊಡೋಣ.”

“ಅಷ್ಟೊತ್ತಿಗೆ ಸೀಟು ಇರ್ತದಾ?”

“ಅದನ್ನ ಕೋಲಾರದೋರನ್ನ ಕೇಳು.”

ಹೀಗೆ ಒಂದೇ ಒಲೆಯ ಮುಂದೆ ಕೂತು ಒಂದೇ ಮುದ್ದೆ ಮುರಿಯುವ ತಾಯಿ ಮಗಳಲ್ಲಿ ತಾಯಿ ಮೈಸೂರಿನವಳು, ಮಗಳು ಕುಂಪಣಿಯವಳು ಎಂದಾಯಿತು. ಯಾರ ಮೇಲೆ ಜಗಳಕ್ಕೆ ಹೋಗುವುದು? ಗುಮಾಸ್ತರು ಕೆಟ್ಟವರಲ್ಲ. ಒಳಗೆ ಕೂತು ರುಜು ಹಾಕುವ ಅಮಲ್ದಾರರು ಕಾನೂನು ಬರೆದವರಲ್ಲ. ಹುಡುಗಿಯನ್ನು ನಿನಗೆ ಬಿಟ್ಟುಕೊಟ್ಟಿದ್ದೇನೆ ಎಂದು ಅವಳ ತಂದೆಯ ಕೈಲಿ ಒಂದು ಕಾಗದ ಬರೆಸಿಕೊಂಡು ಬಾ, ಒಳಗೆ ಕೇಳಿ ನೋಡೋಣ, ಎಂದು ಗುಮಾಸ್ತರೇ ಒಂದು ದಾರಿ ತೋರಿಸಿದರು.

ಕಡ್ಡಿ ಮುರಿದ ಮೇಲೆ ಅಮ್ಮ ಆ ಹೊಸ್ತಿಲು ತುಳಿಯುವಂತಿರಲಿಲ್ಲ. ನಾನು, ಅಪ್ಪ ಹೋದೆವು. ನನಗೆ ಬುದ್ಧಿ ಬಂದ ಮೇಲೆ ನಾಯನ ಅವರನ್ನು ಕಂಡದ್ದು ಅದೇ ಮೊದಲು. ತೆಳ್ಳಗಿನ ಮನುಷ್ಯ, ನನ್ನದೇ ಅಗಲವಾದ ಹಣೆ. ಅವರ ಈಗಿನ ಹೆಂಡತಿ ಮಜ್ಜಿಗೆ ತಂದು ಕೊಟ್ಟು, ನನ್ನ ಮುಖವನ್ನೂ ಅವರ ಮುಖವನ್ನೂ ಒಂದು ಸಲ ನೋಡಿ ಒಳಗೆ ಹೋದಳು. ಇಬ್ಬರು ಗಂಡಸರೂ ಜಗಲಿಯ ಮೇಲೆ ಕೂತು ಹಿಪ್ಪುನೇರಳೆಗೆ ಬಂದ ರೋಗದ ವಿಷಯ ಬಹಳ ಹೊತ್ತು ಮಾತಾಡಿದರು. ಬಂದ ವಿಷಯ ತೆಗೆಯಲು ಇಬ್ಬರಿಗೂ ಧೈರ್ಯವಿಲ್ಲ. ಕೊನೆಗೆ ನಾನೇ ಹೇಳಿದೆ.

ನಾಯನ ಎದ್ದು ನಿಂತರು. “ನಾ ಕೂತುರು ಪಂತುಲಮ್ಮ ಅವುತುಂದಾ!” ಎಂದರು. ನನ್ನ ಮಗಳು ಟೀಚರಮ್ಮ ಆಗುತ್ತಾಳಾ ಎಂದು. ಆಗಲೇ ಊರ ಲೆಕ್ಕ ಬರೆಯುವ ಕರಣಂ ಮನೆಗೆ ಕರೆದುಕೊಂಡು ಹೋದರು, ದಾರಿಯಲ್ಲಿ ಸಿಕ್ಕವರಿಗೆಲ್ಲ ಅದೇ ಮಾತು ಹೇಳಿದರು. ಕರಣಂ ಬರೆಯುತ್ತಿದ್ದರೆ ಪಕ್ಕದಲ್ಲಿ ಕೂತು, ಈ ಹುಡುಗಿ ನನ್ನ ಸ್ವಂತ ರಕ್ತ, ನನ್ನ ಮೊದಲ ಸಂತಾನ ಎಂದು ಮೇಲಿಂದ ಮೇಲೆ ಸೇರಿಸಿದರು. ಬಿಟ್ಟುಕೊಟ್ಟಿದ್ದೇನೆ ಎಂಬ ಮಾತು ಎಲ್ಲೋ ಕೊನೆಯಲ್ಲಿ, ಸಣ್ಣದಾಗಿ ಬಂತು. ರುಜು ಹಾಕಿ ಕಾಗದವನ್ನು ಅಪ್ಪನ ಕೈಗಲ್ಲ, ನನ್ನ ಕೈಗೆ ಕೊಟ್ಟರು.

ಅದನ್ನು ಓದಿ ಗುಮಾಸ್ತರು ಹಣೆ ಒತ್ತಿಕೊಂಡರು. “ಇವಳು ಆ ಸೀಮೆಯೋಳು ಅಂತ ಅವನೇ ರುಜು ಹಾಕಿ ಕೊಟ್ಟವ್ನೆ. ಇದನ್ನ ಒಳಗಿಟ್ರೆ ಕಥೆ ಮುಗೀತು,” ಎಂದು ಮಡಿಸಿ ಹಿಂದಕ್ಕೆ ಕೊಟ್ಟರು. ನಾವು ಏನು ಮಾಡಿದರೂ ಗಂಟು ಇನ್ನಷ್ಟು ಬಿಗಿಯುತ್ತಿತ್ತು. ಅವತ್ತು ಅಮ್ಮನೂ ಬಂದಿದ್ದಳು. ಕೋಲಾರದವರು ಕೊಟ್ಟಿದ್ದ ಗಡುವಿಗೆ ಎರಡೇ ದಿನ ಉಳಿದಿತ್ತು. ಗುಮಾಸ್ತರು ಎಲೆ ಅಡಿಕೆ ಉಗಿದು ಬಂದು, ದನಿ ತಗ್ಗಿಸಿದರು.

“ಒಂದು ದಾರಿ ಇದೆ. ಹೇಳೋಕೆ ನನ್ಗೇ ನಾಚ್ಕೆ. ಕಟ್ಕೊಂಡ ಗಂಡನಿಗೆ ಹುಟ್ಟಿದ ಮಗು ಆದ್ರೆ ತಂದೆ ಊರು. ಹಂಗಲ್ದೆ ಹುಟ್ಟಿದ್ರೆ ತಾಯಿ ಊರು, ತಾಯಿ ಈಗ ಮೈಸೂರಿನೋಳು.”

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. “ನಾಲ್ಗೆ ಹಿಡ್ದು ಮಾತಾಡಿ ಸಾಮಿ!”

ಹಾದರದ ಮಗಳಾದರೆ ಮೈಸೂರಿನವಳು, ಗೃಹಸ್ಥನ ಮಗಳಾದರೆ ಪರದೇಶಿ. ಕಾನೂನು ಓದಿದವರನ್ನು ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ. ಎಲ್ಲರೂ ಅದು ಸರಿಯಾಗಿಯೇ ಇದೆ ಎಂದು ತಲೆಯಾಡಿಸಿದ್ದಾರೆ. ಅವರ ತಲೆಗಿಷ್ಟು ಬೆಂಕಿ ಬೀಳ.

“ನೀನು ಸುಮ್ಕಿರು,” ಎಂದಳು ಅಮ್ಮ ಅಪ್ಪನಿಗೆ. ಗುಮಾಸ್ತರ ಕಡೆ ತಿರುಗಿ, “ಏನಂತ ಹೇಳ್ಬೇಕು?” ಎಂದು ಕೇಳಿದಳು. ಅವರು ಹೇಳಿಕೊಟ್ಟರು. ಅವಳು ಸೆರಗನ್ನು ಬಿಗಿಯಾಗಿ ಹೊದ್ದು, ಪಾಠ ಒಪ್ಪಿಸುವಂತೆ ಹೇಳಿದಳು. ಈ ಹುಡುಗಿ ಅವತ್ತಿನ ಗಂಡನಿಗೆ ಹುಟ್ಟಿದವಳಲ್ಲ. ನಾನು ನಡತೆ ಕೆಟ್ಟಿದ್ದಾಗ ಹುಟ್ಟಿದವಳು. ಅದಕ್ಕೇ ಬಿಡುಗಡೆ ಆದದ್ದು. ಪಡಸಾಲೆಯಲ್ಲಿ ಕಾದಿದ್ದವರೆಲ್ಲ ಇತ್ತ ತಿರುಗಿದ್ದರು. ಅವಳ ಹೆಬ್ಬೆರಳಿಗೆ ಮಸಿ ಹಚ್ಚುವಾಗ ಅಪ್ಪ ಕಂಬಕ್ಕೆ ಮುಖ ತಿರುಗಿಸಿ ನಿಂತಿದ್ದ.

ನಾನು ಅಲ್ಲೇ ಇದ್ದೆ. ನಾಯನ ಅವರ ಕಾಗದ ಇನ್ನೂ ನನ್ನ ಕೈಯಲ್ಲಿತ್ತು. ಬೇಡಮ್ಮ ಎಂದು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಆ ಸೀಟು ಬೇಕಾಗಿತ್ತು. ಚಿಕ್ಕವಳು, ತಿಳಿಯಲಿಲ್ಲ ಎಂದು ಹೇಳಿಕೊಳ್ಳಲಾರೆ. ಎಲ್ಲ ತಿಳಿದಿತ್ತು.

ಸರ್ಟಿಫಿಕೇಟು ಬಂತು, ನಾನು ಕೋಲಾರಕ್ಕೆ ಹೋದೆ. ಅವತ್ತು ಪಡಸಾಲೆಯಲ್ಲಿ ಯಲ್ದೂರು ಕಡೆಯ ಮಾವಿನ ವ್ಯಾಪಾರಿಯೊಬ್ಬ ಇದ್ದ. ಅವನ ಬಾಯಿಂದ ಮಾತು ಸಂತೆಗೆ ಹೋಯಿತು, ಸಂತೆಯಿಂದ ಗಡಿ ದಾಟಿತು. ಹೆಬ್ಬೆಟ್ಟು ಒತ್ತಿದ್ದ ಹಿರಿಯರು, ನಿಜ ಮುಚ್ಚಿಟ್ಟು ನಮ್ಮ ಕೈಲಿ ಹೆಬ್ಬೆಟ್ಟು ಒತ್ತಿಸಿದೆಯಾ ಎಂದು ಅಪ್ಪನನ್ನು ಹಿಡಿದುಕೊಂಡರು. ಮೊದಲಿಂದಲೂ ಕದ್ದು ಓಡಾಡಿದವನು ಇವನೇ ಎಂದು ಊರು ತೀರ್ಮಾನಿಸಿತು. ಉಡಿಕೆಯವಳೆಂದು ಅಮ್ಮನನ್ನು ಮೊದಲೇ ಶುಭಕಾರ್ಯಕ್ಕೆ ಕರೆಯುತ್ತಿರಲಿಲ್ಲ. ಈಗ ಬಾವಿಯ ಹತ್ತಿರವೂ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಳ್ಳುತ್ತಿದ್ದರು. ನಿಜ ಹೇಳಿದರೆ ನನ್ನ ಸೀಟು ಹೋಗುತ್ತದೆ, ಅವಳಿಗೆ ಸುಳ್ಳುಸಾಕ್ಷಿಯ ಶಿಕ್ಷೆ. ಉಗುಳಿದರೆ ತುಪ್ಪ ಕೇಡು, ನುಂಗಿದರೆ ಗಂಟಲು ಕೇಡು. ಅಮ್ಮ ಅಪ್ಪ ಇಬ್ಬರೂ ನುಂಗಿಕೊಂಡಿದ್ದರು.

ಕಡಲೆಕಾಯಿ ಕೀಳುವ ಕಾಲ. ಒಂದು ಭಾನುವಾರ ಮಧ್ಯಾಹ್ನ, ನಿನ್ನನ್ನು ನೋಡಲು ಯಾರೋ ಬಂದಿದ್ದಾರೆ ಎಂದು ಹೇಳಿಕಳಿಸಿದರು. ಹಾಸ್ಟೆಲಿನ ಮುಂಭಾಗದಲ್ಲಿ ವಾರ್ಡನ್ ಮೇಡಂ ಮೇಜಿನ ಹಿಂದೆ ಕೂತಿದ್ದರು. ಬಂದವರ ಹೆಸರು, ಊರು, ಸಂಬಂಧ ಬರೆಯುವ ಪುಸ್ತಕ ಅವರ ಮುಂದೆ ತೆರೆದಿತ್ತು. ಮೇಜಿನ ಈಚೆಗೆ ನಾಯನ ನಿಂತಿದ್ದರು. ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಕಾಲಿನ ಹತ್ತಿರ ಹಸೀ ಕಡಲೆಕಾಯಿಯ ಒಂದು ಗಂಟು.

ನನ್ನನ್ನು ಕಂಡು, “ಬಾಗುಂಡಾವಾ ಅಮ್ಮಾ,” ಎಂದರು. ಚೆನ್ನಾಗಿದ್ದೀಯಾ ಎಂದು. ಆಮೇಲೆ ತೆಲುಗಿನಲ್ಲೇ, ತೀರಾ ಮೆಲ್ಲಗೆ, ನಾನು ಜಗಳಕ್ಕೆ ಬಂದಿಲ್ಲ, ಸಂತೆಯಲ್ಲಿ ಒಂದು ಮಾತು ಕೇಳಿದೆ, ಅದು ಹೌದೋ ಅಲ್ಲವೋ ನೀನೊಬ್ಬಳು ಹೇಳಿಬಿಡು, ಹೋಗುತ್ತೇನೆ, ಎಂದರು.

ಮೇಡಂ ಲೇಖನಿ ಅದ್ದಿ, “ಇವರು ನಿನಗೆ ಏನಾಗಬೇಕಮ್ಮ?” ಎಂದು ಕೇಳಿದರು.

ನನ್ನ ಸರ್ಟಿಫಿಕೇಟು ಆ ಮೇಜಿನ ಹಿಂದಿನ ಬೀರುವಿನಲ್ಲೇ ಇತ್ತು.

“ಏನೂ ಆಗಬೇಕಿಲ್ಲ ಮೇಡಂ. ಆ ಕಡೆ ಊರಿನವರು,” ಎಂದೆ.

ನಾಯನ ಅವರಿಗೆ ಅಷ್ಟು ಕನ್ನಡ ಬರುತ್ತಿತ್ತು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮೇಡಂ ಕಡೆ ತಿರುಗಿ, “ಔನಮ್ಮಾ, ನಾನು ಏನೂ ಆಗಲ್ಲ. ಕಾಯಿ ಮಕ್ಳಿಗೆಲ್ಲ ಹಂಚ್ಬಿಡಿ,” ಎಂದು ಗಂಟನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟು ಮೆಟ್ಟಿಲು ಇಳಿದರು. ನನ್ನನ್ನು ಕಾಪಾಡಲು ಹಾಗೆ ಹೇಳಿದರೋ, ನನ್ನ ಮಾತನ್ನು ನಂಬಿ ಹಾಗೆ ಹೇಳಿದರೋ ನನಗೆ ತಿಳಿಯಲಿಲ್ಲ. ಆಮೇಲೂ ತಿಳಿಯಲಿಲ್ಲ. ನಾನು ಮೇಜರಾಗುವುದರೊಳಗೆ ಅವರು ತೀರಿಕೊಂಡರು.

ಅವರು ಗೇಟಿನ ಕಡೆ ಅರ್ಧ ದಾರಿ ಹೋಗಿದ್ದಾಗ ನಾನು ಮೆಟ್ಟಿಲಿಗೆ ಕಾಲಿಟ್ಟೆ. ಮೇಡಂ ತಲೆಯೆತ್ತದೆ, “ಎಲ್ಲಿಗೆ? ಸಂಬಂಧಿಕರಾದರೆ ಮಾತ್ರ ಗೇಟಿನವರೆಗೆ ಹೋಗಬಹುದು,” ಎಂದರು.

ನಾನು ಒಳಗೆ ಹೋದೆ.